ಫೋನ್ ಯಾರದ್ದೇ ಇರಲಿ, ಕರೆ ಕಚೇರಿಯದ್ದು

ಒಂದು ಪ್ರಶ್ನೆಯಿಂದ ಶುರು ಮಾಡೋಣ. ನಿನ್ನೆ ನಿಮ್ಮ ಕಚೇರಿಗೆ ಎಷ್ಟು ಗ್ರಾಹಕರು ಫೋನ್ ಮಾಡಿದರು? ಅವರಲ್ಲಿ ಎಷ್ಟು ಜನರಿಗೆ ಉತ್ತರ ಸಿಕ್ಕಿತು? ಮೇಜಿನ ಮೇಲಿನ ಫೋನಿಗೆ ಬಂದ ಕರೆಗಳ ಲೆಕ್ಕವನ್ನು ಹೇಗೋ ತೆಗೆಯಬಹುದು. ಆದರೆ ನಿಮ್ಮ ಸಿಬ್ಬಂದಿಯ ಸ್ವಂತ ಮೊಬೈಲಿಗೆ ನೇರವಾಗಿ ಬಂದ ಕರೆಗಳ ಲೆಕ್ಕ ಯಾರ ಹತ್ತಿರ ಇದೆ?

ಇದು ಹೇಗೆ ಆಗುತ್ತದೆ ಅಂತ ನಿಮಗೆಲ್ಲ ಗೊತ್ತು. ಗ್ರಾಹಕರು ಮೊದಲ ಸಲ ಕಚೇರಿ ನಂಬರಿಗೇ ಮಾಡುತ್ತಾರೆ. ಅವರಿಗೆ ಬೇಕಾದವರು ಹೊರಗೆ ಹೋಗಿರುತ್ತಾರೆ. ಫೋನ್ ಎತ್ತಿದವರು ಸಹಾಯ ಆಗಲಿ ಅಂತ ಅವರ ಮೊಬೈಲ್ ನಂಬರ್ ಕೊಡುತ್ತಾರೆ. ಅಲ್ಲಿಂದ ಮುಂದೆ ಗ್ರಾಹಕರು ಕಚೇರಿ ನಂಬರನ್ನು ಮರೆತೇಬಿಡುತ್ತಾರೆ. ಆ ಸಿಬ್ಬಂದಿ ರಜೆ ಹಾಕಿದ ದಿನ ಕರೆ ಯಾರಿಗೂ ತಲುಪುವುದಿಲ್ಲ. ಅವರು ಕೆಲಸ ಬಿಟ್ಟರಂತೂ ಗ್ರಾಹಕರೂ ಅವರ ಹಿಂದೆಯೇ ಹೋಗಬಹುದು. ಏನು ಮಾತಾಯಿತು, ಏನು ಒಪ್ಪಿಕೊಂಡರು, ಯಾವುದೂ ಎಲ್ಲೂ ಬರೆದಿರುವುದಿಲ್ಲ.

ಕೈಯಲ್ಲಿರುವ ಫೋನ್ ಯಾರದ್ದಾದರೂ ಇರಲಿ. ನಂಬರ್ ಕಚೇರಿಯದ್ದಾಗಿರಬೇಕು, ಕರೆಯ ದಾಖಲೆ ಕಚೇರಿಯಲ್ಲಿ ಉಳಿಯಬೇಕು. ಇವತ್ತು ನಾನು ಹೇಳುವುದೆಲ್ಲ ಇದರ ಸುತ್ತಲೇ ಇರುತ್ತದೆ. ಕಚೇರಿ ಫೋನು, ಮೊಬೈಲು, ಕೆಲಸದ ಸಾಫ್ಟ್‌ವೇರು, ಈ ಮೂರನ್ನೂ ಜೋಡಿಸಿಕೊಡುತ್ತೇವೆ ಅಂತ ನಿಮ್ಮ ಹತ್ತಿರ ಬರುವವರು ನೂರಾರು ಸೌಲಭ್ಯಗಳ ಪಟ್ಟಿ ತರುತ್ತಾರೆ. ಈ ಎರಡು ವಿಷಯ ಹಿಡಿದುಕೊಂಡು ಆ ಪಟ್ಟಿ ನೋಡಿ. ಯಾವುದು ಬೇಕು, ಯಾವುದು ಬೇಡ ಅಂತ ಬೇಗ ತಿಳಿಯುತ್ತದೆ.

ಸ್ವಲ್ಪ ಹಿಂದಕ್ಕೆ ಹೋಗೋಣ. ಕಚೇರಿಯೊಳಗಿನ ಎಕ್ಸ್‌ಚೇಂಜ್, ನಾವು ಇಪಿಎಬಿಎಕ್ಸ್ ಅಥವಾ ಪಿಬಿಎಕ್ಸ್ ಅನ್ನುತ್ತೇವಲ್ಲ, ಅದರ ದೊಡ್ಡ ಉಪಯೋಗ ಲೈನ್ ಉಳಿಸುವುದು. ಐವತ್ತು ಮೇಜಿದ್ದರೂ ಐವತ್ತೂ ಜನ ಒಟ್ಟಿಗೆ ಹೊರಗಿನವರ ಜೊತೆ ಮಾತಾಡುವುದಿಲ್ಲ. ಒಳಗೆ ಮೇಜಿಗೊಂದರಂತೆ ಐವತ್ತು ಎಕ್ಸ್‌ಟೆನ್ಷನ್, ಹೊರಗಿನ ಕರೆಗಳಿಗೆ ಕೆಲವೇ ಟ್ರಂಕ್ ಲೈನ್ ಇದ್ದರೆ ಸಾಕು. ಈ ಪೆಟ್ಟಿಗೆಯನ್ನು ಕಂಪ್ಯೂಟರಿಗೆ ಜೋಡಿಸುವ ಆಸೆಯೂ ಹಳೆಯದೇ. 1992ರಲ್ಲೇ ಇಸಿಎಂಎ ಅನ್ನುವ ಸಂಸ್ಥೆ ಇದಕ್ಕಾಗಿ ಸಿಎಸ್‌ಟಿಎ ಮಾನದಂಡ ಹೊರತಂದಿತು. ಮರುವರ್ಷ ಮೈಕ್ರೋಸಾಫ್ಟ್ ಮತ್ತು ಇಂಟೆಲ್ ಸೇರಿ ಇದೇ ಕೆಲಸಕ್ಕೆ ಟಿಎಪಿಐ ತಂದವು. ಕರೆ ಬಂದ ಕೂಡಲೇ ಸ್ಕ್ರೀನ್ ಮೇಲೆ ಗ್ರಾಹಕರ ವಿವರ ಬರಬೇಕು ಅನ್ನುವ ಆಸೆ ಆಗಿನಿಂದಲೂ ಇದೆ. ಆದರೆ ಒಬ್ಬೊಬ್ಬ ತಯಾರಕರ ಎಕ್ಸ್‌ಚೇಂಜ್ ಒಂದೊಂದು ಥರ ಇರುತ್ತಿತ್ತು. ಜೋಡಣೆ ದುಬಾರಿ. ಸಣ್ಣ ಕಚೇರಿಗಳು ಆ ಕಡೆ ತಲೆ ಹಾಕುತ್ತಿರಲಿಲ್ಲ.

ಇದನ್ನು ಬದಲಿಸಿದ್ದು ಸಿಪ್. ಇಂಟರ್‌ನೆಟ್ ಮೂಲಕ ಕರೆಯನ್ನು ಶುರು ಮಾಡುವುದು, ಮುಗಿಸುವುದು, ಬೇರೆಯವರಿಗೆ ದಾಟಿಸುವುದು, ಇದಕ್ಕೆಲ್ಲ ಎಲ್ಲರೂ ಒಪ್ಪಿದ ಒಂದು ನಿಯಮ. 1999ರಲ್ಲಿ ಮೊದಲು ಬಂತು. 2002ರಲ್ಲಿ ತಿದ್ದಿ ಬರೆದ ರೂಪವೇ ಇವತ್ತಿಗೂ ತಳಹದಿ. ಅದೇ 1999ರಲ್ಲಿ ಅಮೆರಿಕದಲ್ಲಿ ಮಾರ್ಕ್ ಸ್ಪೆನ್ಸರ್ ಅನ್ನುವ ಯುವಕ ಲಿನಕ್ಸ್ ಸಂಬಂಧಿ ಸೇವೆ ಕೊಡುವ ಪುಟ್ಟ ಕಂಪನಿ ನಡೆಸುತ್ತಿದ್ದರು. ಅವರಿಗೆ ಪಿಬಿಎಕ್ಸ್ ಬೇಕಿತ್ತು. ಕೊಳ್ಳುವಷ್ಟು ದುಡ್ಡಿರಲಿಲ್ಲ. ತಾವೇ ಒಂದು ಬರೆದರು, ಅದಕ್ಕೆ ಆಸ್ಟರಿಸ್ಕ್ ಅಂತ ಹೆಸರಿಟ್ಟರು, ಅದರ ಸೋರ್ಸ್ ಕೋಡನ್ನು ಎಲ್ಲರಿಗೂ ತೆರೆದಿಟ್ಟರು. ಈ ಕಥೆ ನನಗೆ ತುಂಬ ಇಷ್ಟ. ಅದುವರೆಗೆ ಗೋಡೆಗೆ ಹೊಡೆದ ಪೆಟ್ಟಿಗೆಯಾಗಿದ್ದ ಎಕ್ಸ್‌ಚೇಂಜ್, ಸಾಮಾನ್ಯ ಕಂಪ್ಯೂಟರಿನಲ್ಲಿ ಓಡುವ ಒಂದು ಪ್ರೋಗ್ರಾಂ ಆಯಿತು. ಎಕ್ಸ್‌ಚೇಂಜೇ ಸಾಫ್ಟ್‌ವೇರ್ ಆದ ಮೇಲೆ ಅದನ್ನು ಇನ್ನೊಂದು ಸಾಫ್ಟ್‌ವೇರಿಗೆ ಜೋಡಿಸುವುದು ಸಣ್ಣ ಕಚೇರಿಗೂ ಕೈಗೆಟುಕಿತು.

ಈಗ ಮೊಬೈಲಿಗೆ ಬರೋಣ. ಕಷ್ಟಗಳೆಲ್ಲ ಇರುವುದು ಇಲ್ಲೇ. ಮೊಬೈಲನ್ನು ಕಚೇರಿ ಫೋನಿನ ಜೊತೆ ಸೇರಿಸಲು ಸುಲಭದ ದಾರಿ ಫಾರ್ವರ್ಡ್ ಮಾಡುವುದು. ಎಕ್ಸ್‌ಟೆನ್ಷನ್‌ಗೆ ಕರೆ ಬಂದರೆ ಮೇಜಿನ ಫೋನೂ ರಿಂಗ್ ಆಗುತ್ತದೆ, ಮೊಬೈಲೂ ರಿಂಗ್ ಆಗುತ್ತದೆ. ಯಾವುದನ್ನು ಎತ್ತಿದರೂ ಸರಿ. ಯಾವ ಆ್ಯಪ್ ಬೇಡ, ಸಾದಾ ಕೀಪ್ಯಾಡ್ ಫೋನಿನಲ್ಲೂ ನಡೆಯುತ್ತದೆ, ಡೇಟಾ ಸಿಗದ ಜಾಗದಲ್ಲೂ ನಡೆಯುತ್ತದೆ. ಇದನ್ನು ಹಳೆಯ ಕಾಲದ್ದು ಅಂತ ತಳ್ಳಿಹಾಕಬೇಡಿ. ದಿನವಿಡೀ ಓಡಾಟದಲ್ಲಿರುವವರಿಗೆ ಇವತ್ತಿಗೂ ಇದೇ ಎಲ್ಲಕ್ಕಿಂತ ಗಟ್ಟಿಯಾದ ದಾರಿ.

ಆದರೆ ಮೂರು ವಿಷಯ ಗಮನದಲ್ಲಿರಲಿ. ಒಂದು, ಹೀಗೆ ಹೊರಗೆ ಹೋದ ಪ್ರತಿ ಕರೆಯೂ ಎರಡು ಚಾನೆಲ್, ಅಂದರೆ ಟ್ರಂಕಿನಲ್ಲಿ ಎರಡು ಕರೆಯ ಜಾಗ ತಿನ್ನುತ್ತದೆ. ಗ್ರಾಹಕರ ಕರೆ ಒಳಗೆ ಬರಲು ಒಂದು, ಮೊಬೈಲಿಗೆ ಹೊರಗೆ ಹೋಗಲು ಒಂದು. ನಿಮ್ಮ ಟ್ರಂಕಿನಲ್ಲಿ ಎಂಟು ಚಾನೆಲ್ ಇದ್ದರೆ, ಎಲ್ಲರೂ ಹೊರಗಿರುವ ದಿನ ನಾಲ್ಕೇ ಕರೆಗೆ ಲೈನ್ ತುಂಬಿತು. ಐದನೆಯವರಿಗೆ ಎಂಗೇಜ್ ಸದ್ದು ಕೇಳಿಸುತ್ತದೆ. ಅವರು ಪ್ರಯತ್ನಿಸಿದರು ಅಂತ ನಿಮಗೆ ಗೊತ್ತೇ ಆಗದೆ ಇರಬಹುದು.

ಎರಡನೆಯದು ವಾಯ್ಸ್‌ಮೇಲ್. ಗುಂಪಿನಲ್ಲಿ ಐದು ಮೊಬೈಲ್ ಒಟ್ಟಿಗೆ ರಿಂಗ್ ಆಗುವ ಹಾಗೆ ಇಟ್ಟಿದ್ದೀರಿ ಅಂದುಕೊಳ್ಳಿ. ಅವರಲ್ಲಿ ಒಬ್ಬರ ಫೋನ್ ಸ್ವಿಚ್ ಆಫ್ ಆಗಿದೆ, ಅವರ ಮೊಬೈಲ್ ಕಂಪನಿಯ ವಾಯ್ಸ್‌ಮೇಲ್ ತಕ್ಷಣ ಕರೆ ಎತ್ತುತ್ತದೆ. ಎಕ್ಸ್‌ಚೇಂಜಿನ ಲೆಕ್ಕದಲ್ಲಿ ಯಾರೋ ಕರೆ ಎತ್ತಿದ ಹಾಗಾಯಿತು. ಉಳಿದ ನಾಲ್ಕು ಫೋನ್ ಸದ್ದು ನಿಲ್ಲಿಸುತ್ತವೆ. ಕಚೇರಿಗೆ ಮಾಡಿದ ಗ್ರಾಹಕರು ಯಾರದೋ ಸ್ವಂತ ವಾಯ್ಸ್‌ಮೇಲಿಗೆ ಮಾತಾಡುತ್ತಿದ್ದಾರೆ. ಕೆಲವು ಊರುಗಳಲ್ಲಿ ವಾಯ್ಸ್‌ಮೇಲ್ ಬಳಕೆ ಕಡಿಮೆ ಇರಬಹುದು. ಆದರೆ ಮೊಬೈಲ್ ಕಂಪನಿ ರೆಕಾರ್ಡ್ ಮಾಡಿಟ್ಟ ಸಂದೇಶವನ್ನೂ ಕೆಲವು ಸಲ ಎಕ್ಸ್‌ಚೇಂಜ್ ಹೀಗೇ ಉತ್ತರ ಅಂತ ಎಣಿಸುತ್ತದೆ. ಇದಕ್ಕೆ ಪರಿಹಾರ ಸರಳ. ಮೊಬೈಲ್ ಎತ್ತಿದವರಿಗೆ "ಕಚೇರಿ ಕರೆ ಬಂದಿದೆ, ಮಾತಾಡಲು ಒಂದನ್ನು ಒತ್ತಿ" ಅಂತ ಕೇಳಿಸಬೇಕು. ಒತ್ತಿದರೆ ಮಾತ್ರ ಕರೆ ಜೋಡಿಸಬೇಕು. ವಾಯ್ಸ್‌ಮೇಲ್‌ಗೆ ಗುಂಡಿ ಒತ್ತಲು ಬರುವುದಿಲ್ಲ, ಅಲ್ವಾ? ಈ ಸೌಲಭ್ಯ ಎಷ್ಟೋ ಎಕ್ಸ್‌ಚೇಂಜ್‌ಗಳಲ್ಲಿ ಮೊದಲಿಂದಲೂ ಇದೆ. ಸುಮ್ನೆ ಯಾರೂ ಚಾಲೂ ಮಾಡಿರುವುದಿಲ್ಲ.

ಮೂರು, ಮೊಬೈಲಿನಲ್ಲಿ ಯಾರ ನಂಬರ್ ಕಾಣಬೇಕು? ಕಚೇರಿ ನಂಬರ್ ಕಂಡರೆ ಇದು ಕೆಲಸದ ಕರೆ ಅಂತ ಗೊತ್ತಾಗುತ್ತದೆ, ಆದರೆ ಮಾಡಿದವರು ಯಾರು ಅಂತ ತಿಳಿಯುವುದಿಲ್ಲ. ಗ್ರಾಹಕರ ನಂಬರನ್ನೇ ತೋರಿಸಬಹುದು. ಆಗ ಸಿಬ್ಬಂದಿ ಆ ನಂಬರಿಗೆ ತಮ್ಮ ಮೊಬೈಲಿಂದಲೇ ವಾಪಸ್ ಮಾಡುತ್ತಾರೆ, ನಾವು ಯಾವ ಕಷ್ಟದಿಂದ ಶುರು ಮಾಡಿದೆವೋ ಅಲ್ಲಿಗೇ ಬಂದು ನಿಂತೆವು. ಜೊತೆಗೆ, ನಿಮ್ಮದಲ್ಲದ ನಂಬರನ್ನು ನಿಮ್ಮ ಟ್ರಂಕಿನಿಂದ ಕಳಿಸುವುದಕ್ಕೆ ಮೊಬೈಲ್ ಕಂಪನಿಗಳು ಈಗ ಅಡ್ಡ ಬರುತ್ತವೆ. ಸುಳ್ಳು ನಂಬರ್ ತೋರಿಸಿ ಮೋಸ ಮಾಡುವವರು ಜಾಸ್ತಿಯಾಗಿರುವುದೇ ಇದಕ್ಕೆ ಕಾರಣ. ನನ್ನ ಸಲಹೆ ಕೇಳಿದರೆ, ಫಾರ್ವರ್ಡ್‌ನಲ್ಲಿ ಕಚೇರಿ ನಂಬರನ್ನೇ ತೋರಿಸಿ. ಯಾರು ಮಾಡಿದ್ದು ಅನ್ನುವುದನ್ನು ಬೇರೆ ದಾರಿಯಲ್ಲಿ, ಒಂದು ಸಂದೇಶದ ಮೂಲಕ ತಿಳಿಸಿ.

ಫಾರ್ವರ್ಡ್ ಬೇಡ ಅನ್ನುವವರಿಗೆ ಆ್ಯಪ್ ಇದೆ. ಮೊಬೈಲಿನಲ್ಲಿ ಒಂದು ಆ್ಯಪ್ ಹಾಕಿಕೊಂಡರೆ ಅದೇ ನಿಮ್ಮ ಎಕ್ಸ್‌ಟೆನ್ಷನ್. ಟ್ರಾನ್ಸ್‌ಫರ್, ಹೋಲ್ಡ್, ಕಾನ್ಫರೆನ್ಸ್ ಎಲ್ಲ ಇರುತ್ತದೆ. ಹೊರಗೆ ಮಾಡಿದರೂ ಕಚೇರಿ ನಂಬರೇ ಕಾಣುತ್ತದೆ. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯದು ಇಲ್ಲ. ಆದರೆ ಆ್ಯಪ್ ಹಾಕಿಕೊಂಡ ಕಚೇರಿಗಳಿಂದ ನಾನು ಜಾಸ್ತಿ ಕೇಳುವ ದೂರು ಒಂದೇ. "ಫೋನ್ ಜೇಬಲ್ಲೇ ಇತ್ತು, ರಿಂಗ್ ಆಗಲೇ ಇಲ್ಲ, ತೆಗೆದು ನೋಡಿದರೆ ಮಿಸ್ಡ್ ಕಾಲ್."

ಯಾಕೆ ಹೀಗಾಗುತ್ತದೆ ಅಂತ ತಿಳಿದುಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ. ಮೇಜಿನ ಫೋನ್ ಯಾವಾಗಲೂ ಎಚ್ಚರ ಇರುತ್ತದೆ. ನಾನಿಲ್ಲಿದ್ದೇನೆ ಅಂತ ಸರ್ವರಿಗೆ, ಅಂದರೆ ಎಕ್ಸ್‌ಚೇಂಜ್ ಓಡುವ ಕಂಪ್ಯೂಟರಿಗೆ, ಆಗಾಗ ಹೇಳುತ್ತಲೇ ಇರುತ್ತದೆ. ಮೊಬೈಲಿನ ಆ್ಯಪಿಗೆ ಆ ಸ್ವಾತಂತ್ರ್ಯ ಇಲ್ಲ. ಬ್ಯಾಟರಿ ಉಳಿಸಲು ಫೋನ್ ಅದನ್ನು ನಿಲ್ಲಿಸಿಬಿಡುತ್ತದೆ. ಆಂಡ್ರಾಯ್ಡ್‌ನಲ್ಲಿ 2015ರ ಆರನೇ ಆವೃತ್ತಿಯಿಂದ ಡೋಜ್ ಅನ್ನುವ ವ್ಯವಸ್ಥೆ ಬಂತು. ಫೋನ್ ಅಲುಗಾಡದೆ ಬಿದ್ದಿದ್ದರೆ ಆ್ಯಪ್‌ಗಳ ನೆಟ್‌ವರ್ಕ್ ಸಂಪರ್ಕವನ್ನೇ ತಡೆಹಿಡಿಯುತ್ತದೆ. ಆ್ಯಪಲ್ ಕಂಪನಿ 2014ರಲ್ಲಿ ಕರೆಗಳಿಗಾಗಿಯೇ ಬೇರೆ ಪುಶ್ ಸಂದೇಶದ ವ್ಯವಸ್ಥೆ ತಂದಿತು. 2016ರಲ್ಲಿ ಕಾಲ್‌ಕಿಟ್ ಬಂದ ಮೇಲೆ ಆ್ಯಪಿನ ಕರೆಯೂ ಮಾಮೂಲಿ ಕರೆಯ ಹಾಗೇ ಸ್ಕ್ರೀನ್ ತುಂಬ ಕಾಣತೊಡಗಿತು.

ಈಗ ಒಂದು ಕರೆ ಬಂದಾಗ ಏನೇನಾಗುತ್ತದೆ ನೋಡಿ. ಗ್ರಾಹಕರ ಕರೆ ಸರ್ವರಿಗೆ ಬರುತ್ತದೆ. ಸರ್ವರ್ ಆ್ಯಪಲ್‌ಗೋ ಗೂಗಲ್‌ಗೋ ಒಂದು ಪುಶ್ ಸಂದೇಶ ಕಳಿಸುತ್ತದೆ. ಅದು ಫೋನಿಗೆ ತಲುಪಿ ಆ್ಯಪನ್ನು ಎಬ್ಬಿಸುತ್ತದೆ. ಎದ್ದ ಆ್ಯಪ್ ಸರ್ವರಿನಲ್ಲಿ ಮತ್ತೆ ಹೆಸರು ದಾಖಲಿಸುತ್ತದೆ. ಆಮೇಲೆ ಸರ್ವರ್ ಕರೆಯನ್ನು ಕಳಿಸುತ್ತದೆ. ಇಷ್ಟೂ ಆಗಿ ರಿಂಗ್ ಕೇಳಿಸಲು ನೆಟ್‌ವರ್ಕ್ ಚೆನ್ನಾಗಿಲ್ಲದ ಕಡೆ ಕೆಲವು ಸೆಕೆಂಡುಗಳೇ ಬೇಕು. ನಿಮ್ಮ ಎಕ್ಸ್‌ಚೇಂಜಿನಲ್ಲಿ ಹತ್ತು ಸೆಕೆಂಡ್ ರಿಂಗ್ ಆದರೆ ಮುಂದಿನವರಿಗೆ ಕಳಿಸು ಅಂತ ಇದ್ದರೆ, ಮೊಬೈಲ್ ಸದ್ದು ಮಾಡುವ ಹೊತ್ತಿಗೆ ಕರೆ ಅಲ್ಲಿಂದ ಹೊರಟಿರುತ್ತದೆ. ಅವಧಿಯನ್ನು ಇಪ್ಪತ್ತೈದು ಸೆಕೆಂಡಿಗೆ ಏರಿಸಿ ನೋಡಿ. ಇನ್ನೊಂದು ಮಾತು. ಸಿಪ್ ಆ್ಯಪ್ ಯಾವುದೋ ಒಂದು ಕಂಪನಿಯದ್ದು, ಸರ್ವರ್ ಇನ್ನೊಂದರದ್ದು ಆದರೆ ಪುಶ್ ಕಳಿಸುವವರು ಯಾರು? 2019ರಲ್ಲಿ ಇದಕ್ಕೂ ಒಂದು ಮಾನದಂಡ ಬಂದಿದೆ, ಆರ್‌ಎಫ್‌ಸಿ 8599. ಕೊಳ್ಳುವ ಮೊದಲು ಈ ಒಂದು ಪ್ರಶ್ನೆ ಕೇಳಿ. "ಆ್ಯಪ್ ಮುಚ್ಚಿ, ಸ್ಕ್ರೀನ್ ಆರಿಸಿ, ಒಂದು ತಾಸು ಬಿಟ್ಟು ಕರೆ ಮಾಡಿದರೆ ರಿಂಗ್ ಆಗುತ್ತಾ?" ಬಾಯಿಮಾತಿನ ಉತ್ತರ ಬೇಡ, ಮಾಡಿ ತೋರಿಸಲು ಹೇಳಿ. ಕೆಲವು ಆಂಡ್ರಾಯ್ಡ್ ಫೋನ್ ತಯಾರಕರು ತಮ್ಮದೇ ಬ್ಯಾಟರಿ ನಿಯಮ ಹಾಕಿರುತ್ತಾರೆ. ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪಿಗೆ ವಿನಾಯಿತಿ ಕೊಡಬೇಕು. ಸಿಬ್ಬಂದಿಗೆ ಇದನ್ನು ಕೂತು ತೋರಿಸಿಕೊಡಿ.

ಧ್ವನಿಯ ಗುಣಮಟ್ಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಜಿ.711 ಅನ್ನುವ ಮಾಮೂಲಿ ಧ್ವನಿ ಕ್ರಮದ ಕರೆಗೆ ಒಂದು ದಿಕ್ಕಿನಲ್ಲಿ ಸೆಕೆಂಡಿಗೆ ಸುಮಾರು 80ರಿಂದ 90 ಕಿಲೋಬಿಟ್ ಸಾಕು, ಇವತ್ತಿನ ಲೆಕ್ಕದಲ್ಲಿ ಅದು ಏನೂ ಅಲ್ಲ. ತೊಂದರೆ ಬರುವುದು ತಡದಿಂದ. ಮಾತು ಒಂದು ಕಡೆಯಿಂದ ಇನ್ನೊಂದು ಕಡೆಗೆ 150 ಮಿಲಿಸೆಕೆಂಡಿನೊಳಗೆ ತಲುಪಿದರೆ ಯಾರಿಗೂ ಗೊತ್ತಾಗುವುದಿಲ್ಲ. ಅದಕ್ಕಿಂತ ತುಂಬಾ ಮೇಲೆ ಹೋದರೆ ಇಬ್ಬರೂ ಒಟ್ಟಿಗೆ ಮಾತು ಶುರು ಮಾಡುತ್ತಾರೆ, ಇಬ್ಬರೂ ಒಟ್ಟಿಗೆ ನಿಲ್ಲಿಸುತ್ತಾರೆ. ಇನ್ನು, ನಮ್ಮ ಮಾತು ಅವರಿಗೆ ಕೇಳುತ್ತದೆ, ಅವರದ್ದು ನಮಗೆ ಕೇಳುವುದಿಲ್ಲ ಅಂತಾದರೆ ಮೊದಲು ರೂಟರ್ ನೋಡಿ. ಅದರಲ್ಲಿ ಸಿಪ್ ಎಎಲ್‌ಜಿ ಅನ್ನುವ ಆಯ್ಕೆ ಇರುತ್ತದೆ. ಸಹಾಯಕ್ಕೆ ಅಂತ ಇಟ್ಟದ್ದು, ಆದರೆ ಕರೆಯ ಸಂದೇಶದೊಳಗಿನ ವಿಳಾಸಗಳನ್ನು ಎಷ್ಟೋ ಸಲ ಕೆಡಿಸಿಬಿಡುತ್ತದೆ. ಆರಿಸಿ ನೋಡಿ.

ಈಗ ಸಾಫ್ಟ್‌ವೇರ್ ಕಡೆಗೆ. ಗ್ರಾಹಕರ ವಿವರ ಇಡುವ ಸಿಆರ್‌ಎಂ ಇರಬಹುದು, ದೂರು ದಾಖಲಿಸುವ ಸಾಫ್ಟ್‌ವೇರ್ ಇರಬಹುದು, ಬರೀ ಒಂದು ಶೀಟ್ ಇರಬಹುದು. ಕರೆ ಬಂದಾಗ ಹೆಸರು ಕಾಣಬೇಕು, ಮುಗಿದ ಮೇಲೆ ದಾಖಲೆ ತಾನಾಗೇ ಸೇರಬೇಕು. ಇದು ಕೆಲಸ ಮಾಡದೆ ಇರಲು ಮೊದಲ ಕಾರಣ ತಂತ್ರಜ್ಞಾನ ಅಲ್ಲ. ನೀವು ನಂಬರ್ ಬರೆದಿಟ್ಟಿರುವ ರೀತಿ.

ಒಂದೇ ನಂಬರನ್ನು ಒಬ್ಬರು ಮುಂದೆ ಸೊನ್ನೆ ಹಾಕಿ ಬರೆದಿರುತ್ತಾರೆ. ಇನ್ನೊಬ್ಬರು ದೇಶದ ಕೋಡ್ ಹಾಕಿರುತ್ತಾರೆ. ಮತ್ತೊಬ್ಬರು ಮಧ್ಯೆ ಅಡ್ಡಗೆರೆ ಎಳೆದಿರುತ್ತಾರೆ. ಇನ್ಯಾರೋ ಅದೇ ಜಾಗದಲ್ಲಿ ಎರಡು ನಂಬರ್ ಬರೆದು "ಸಂಜೆ ಮಾತ್ರ" ಅಂತ ಸೇರಿಸಿರುತ್ತಾರೆ. ಕರೆಯ ಜೊತೆ ಬಂದ ನಂಬರಿಗೂ ಇದಕ್ಕೂ ಹೊಂದುವುದಿಲ್ಲ, ಹೆಸರು ಕಾಣುವುದಿಲ್ಲ. ಕೆಲವು ಸಾಫ್ಟ್‌ವೇರುಗಳು ಕೊನೆಯ ಕೆಲವು ಅಂಕಿಗಳನ್ನು ಮಾತ್ರ ಹೋಲಿಸಿ ಸಮಾಧಾನ ಮಾಡಿಕೊಳ್ಳುತ್ತವೆ. ಅದು ಇನ್ನೂ ಅಪಾಯ. ಬೇರೆ ಗ್ರಾಹಕರ ಹೆಸರು ತೆರೆದುಕೊಂಡು, ಇವರಿಗೆ ಅವರ ವಿಷಯ ಹೇಳಿಬಿಡುವ ಸಾಧ್ಯತೆ ಇದೆ. ಇದಕ್ಕೆಂದೇ ಇ.164 ಅನ್ನುವ ಅಂತರರಾಷ್ಟ್ರೀಯ ಕ್ರಮ ಇದೆ. ಮುಂದೆ ಪ್ಲಸ್ ಚಿಹ್ನೆ, ಆಮೇಲೆ ದೇಶದ ಕೋಡ್, ಆಮೇಲೆ ನಂಬರ್. ಒಟ್ಟು 15 ಅಂಕಿ ದಾಟುವಂತಿಲ್ಲ. ಜೋಡಣೆಗೆ ಮೊದಲು ಎಲ್ಲ ನಂಬರನ್ನೂ ಈ ರೂಪಕ್ಕೆ ತನ್ನಿ. ಗೂಗಲ್‌ನ ಲಿಬ್‌ಫೋನ್‌ನಂಬರ್ ಅನ್ನುವ ಉಚಿತ ಸಲಕರಣೆ ಈ ಕೆಲಸಕ್ಕೇ ಇದೆ. ಬೇಸರದ ಕೆಲಸ, ನಿಜ. ಆದರೆ ಇದನ್ನು ಬಿಟ್ಟು ಮುಂದೆ ಹೋದರೆ ಮಿಕ್ಕ ಖರ್ಚೆಲ್ಲ ವ್ಯರ್ಥ.

ಎರಡನೇ ತೊಡಕು ಲೆಕ್ಕದ್ದು. ಒಂದು ಕರೆ ಬಂತು, ಐದು ಫೋನ್ ರಿಂಗ್ ಆದವು, ಒಬ್ಬರು ಎತ್ತಿದರು, ಅವರು ಇನ್ನೊಬ್ಬರಿಗೆ ಟ್ರಾನ್ಸ್‌ಫರ್ ಮಾಡಿದರು. ಎಕ್ಸ್‌ಚೇಂಜ್ ಪ್ರತಿ ಹೆಜ್ಜೆಯನ್ನೂ ಬೇರೆ ಬೇರೆ ಘಟನೆಯಾಗಿ ಸಾಫ್ಟ್‌ವೇರಿಗೆ ಕಳಿಸುತ್ತದೆ. ಜೋಡಿಸಿದವರು ಗಮನ ಕೊಡದಿದ್ದರೆ ಸಿಆರ್‌ಎಂನಲ್ಲಿ ಆರು ಕರೆ ದಾಖಲಾಗುತ್ತದೆ, ಅದರಲ್ಲಿ ನಾಲ್ಕು ಮಿಸ್ಡ್. ತಿಂಗಳ ಕೊನೆಗೆ ವರದಿ ನೋಡಿದ ಮೇಲಿನವರು, ಇಷ್ಟೊಂದು ಕರೆ ಯಾಕೆ ಎತ್ತಿಲ್ಲ ಅಂತ ಕೇಳುತ್ತಾರೆ. ಚೆನ್ನಾಗಿ ಕೆಲಸ ಮಾಡಿದವರು ತಲೆತಗ್ಗಿಸಬೇಕಾಗುತ್ತದೆ. ಇದು ನನಗೆ ಬಹಳ ಬೇಸರ ತರಿಸುವ ವಿಷಯ. ಹೆಜ್ಜೆಗಳನ್ನೆಲ್ಲ ಒಂದೇ ಕರೆಗೆ ಕಟ್ಟುವ ಗುರುತು ಎಕ್ಸ್‌ಚೇಂಜಿನಲ್ಲಿ ಇರುತ್ತದೆ, ಅದನ್ನು ಬಳಸಬೇಕು ಅಷ್ಟೇ. ಫೋನುಗಳಿಗೂ "ಈ ಕರೆಯನ್ನು ಬೇರೆಯವರು ಎತ್ತಿದ್ದಾರೆ" ಅಂತ ತಿಳಿಸುವ ಸಾಲು ಸಿಪ್‌ನಲ್ಲಿ ಇದೆ. ಅದನ್ನು ಕಳಿಸಿದರೆ, ಅದನ್ನು ಅರ್ಥ ಮಾಡಿಕೊಳ್ಳುವ ಫೋನುಗಳಲ್ಲಿ ಸುಳ್ಳು ಮಿಸ್ಡ್ ಕಾಲ್ ತೋರಿಸುವುದಿಲ್ಲ.

ಕರೆ ಮುಗಿದ ಮೇಲೆ ಟಿಪ್ಪಣಿ ಬರೆಯಿರಿ ಅಂತ ಹತ್ತು ಖಾಲಿ ಜಾಗ ತುಂಬಿಸಲು ಹೇಳಬೇಡಿ. ಯಾರು, ಯಾವಾಗ, ಎಷ್ಟು ಹೊತ್ತು, ಇದು ತಾನಾಗೇ ಬರಲಿ. ಮನುಷ್ಯರು ಬರೆಯಬೇಕಾದ್ದು ಒಂದೇ ಸಾಲು, ಏನು ತೀರ್ಮಾನವಾಯಿತು ಅಂತ. ಮೊಬೈಲಿನಲ್ಲಿ ಒಂದು ಕೈಯಲ್ಲಿ ಬರೆಯುವ ಹಾಗಿರಲಿ. ಕ್ಯಾಲೆಂಡರ್ ಜೋಡಿಸುವುದೂ ಉಪಯೋಗದ್ದೇ. ಮೀಟಿಂಗ್‌ನಲ್ಲಿದ್ದಾರೆ ಅಂತ ಗೊತ್ತಾದರೆ ಕರೆ ಅವರ ಬದಲು ಜೊತೆಗಾರರಿಗೆ ಹೋಗಬಹುದು. ಈಗ ಬ್ರೌಸರಿನಲ್ಲೇ ಮಾತಾಡುವ ವೆಬ್‌ಆರ್‌ಟಿಸಿ ಇದೆ, 2021ರಲ್ಲಿ ಅದು ವೆಬ್‌ನ ಅಧಿಕೃತ ಮಾನದಂಡವೂ ಆಯಿತು. ಮೈಕ್ರೋಸಾಫ್ಟ್ ಟೀಮ್ಸ್ ಬಳಸುವವರು ತಮ್ಮ ಟ್ರಂಕನ್ನೇ ಅದಕ್ಕೆ ಜೋಡಿಸಬಹುದು. ಯಾವುದನ್ನು ಆರಿಸಿದರೂ ಜನ ದಿನವಿಡೀ ತೆರೆದಿಟ್ಟುಕೊಳ್ಳುವ ಸ್ಕ್ರೀನಿಗೇ ಕರೆ ಬರಲಿ. ಇನ್ನೊಂದು ಹೊಸ ಕಿಟಕಿ ಬೇಡ.

ಇಷ್ಟು ಹೊತ್ತು ಕಚೇರಿಯ ಕಡೆಯಿಂದ ಮಾತಾಡಿದೆ. ಸಿಬ್ಬಂದಿಯ ಕಡೆಯಿಂದಲೂ ನೋಡಬೇಕು. ಅವರು ತಮ್ಮ ಸ್ವಂತ ಫೋನನ್ನು ನಿಮ್ಮ ಕೆಲಸಕ್ಕೆ ಕೊಡುತ್ತಿದ್ದಾರೆ. ಆ ಆ್ಯಪ್ ಅವರ ಫೋಟೋ, ಸಂದೇಶ, ಮನೆಯವರ ನಂಬರುಗಳನ್ನು ಮುಟ್ಟಬಾರದು. ಅನುಮತಿ ಕೇಳಿದರೆ ಯಾಕೆ ಅಂತ ತಿಳಿಸಿ. ಕರೆ ರೆಕಾರ್ಡ್ ಆಗುತ್ತಿದ್ದರೆ ಎರಡೂ ಕಡೆಯವರಿಗೆ ಮೊದಲೇ ಹೇಳಿ, ನಿಮ್ಮ ದೇಶದ ಕಾನೂನು ಏನು ಕೇಳುತ್ತದೆ ಅಂತ ವಕೀಲರ ಹತ್ತಿರ ವಿಚಾರಿಸಿ. ಕೆಲಸದ ಹೊತ್ತು ಮುಗಿದ ಮೇಲೆ ಕಚೇರಿ ಕರೆ ಅವರ ಫೋನಿಗೆ ಹೋಗಲೇಬಾರದು. ಫ್ರಾನ್ಸ್‌ನಲ್ಲಿ ಕೆಲಸದ ಹೊತ್ತು ಮುಗಿದ ಮೇಲೆ ಸಂಪರ್ಕದಿಂದ ದೂರ ಇರುವ ಹಕ್ಕು 2017ರ ಜನವರಿಯಿಂದ ಕಾನೂನಿನಲ್ಲೇ ಇದೆ. ಕಾನೂನು ಇರಲಿ ಬಿಡಲಿ, ಎಕ್ಸ್‌ಚೇಂಜಿನಲ್ಲಿ ವೇಳಾಪಟ್ಟಿ ಹಾಕುವುದು ಐದು ನಿಮಿಷದ ಕೆಲಸ. ಸ್ವಂತ ನಂಬರ್ ಹಂಚಿಕೊಂಡವರಿಗೆ ಈ ರಕ್ಷಣೆ ಸಿಗುವುದಿಲ್ಲ, ಗ್ರಾಹಕರು ಯಾವ ಹೊತ್ತಿನಲ್ಲಾದರೂ ಮಾಡಬಹುದು. ಹಾಗಾಗಿ ನಂಬರ್ ಕಚೇರಿಯದ್ದಾಗಿದ್ದರೆ ಹೆಚ್ಚು ಲಾಭ ಸಿಬ್ಬಂದಿಗೇ. ಅವರಿಗೆ ಇದನ್ನು ಹೀಗೇ ಹೇಳಿ, ಒಪ್ಪಿಕೊಳ್ಳುತ್ತಾರೆ.

ಭದ್ರತೆಯ ಬಗ್ಗೆ ಒಂದು ಎಚ್ಚರಿಕೆ. ಎಕ್ಸ್‌ಟೆನ್ಷನ್ 201, ಪಾಸ್‌ವರ್ಡೂ 201, ಸರ್ವರ್ ಇಂಟರ್‌ನೆಟ್‌ಗೆ ತೆರೆದಿದೆ. ಇಂಥದ್ದನ್ನು ಹುಡುಕುವ ಪ್ರೋಗ್ರಾಂಗಳು ಹಗಲು ರಾತ್ರಿ ಓಡುತ್ತಿರುತ್ತವೆ. ಸಿಕ್ಕಿದರೆ ವಾರದ ರಜೆಯ ರಾತ್ರಿ, ಯಾರೂ ನೋಡದ ಹೊತ್ತಿನಲ್ಲಿ, ದೂರದೇಶದ ದುಬಾರಿ ನಂಬರುಗಳಿಗೆ ಒಂದೇ ಸಮನೆ ಕರೆ ಹೋಗುತ್ತದೆ. ಬಿಲ್ ನಿಮ್ಮದು. ಉದ್ದ ಪಾಸ್‌ವರ್ಡ್ ಹಾಕಿ. ಬೇಡದ ದೇಶಗಳಿಗೆ ಕರೆ ಮುಚ್ಚಿ. ದಿನದ ಖರ್ಚಿಗೆ ಮಿತಿ ಇಡಲು ಲೈನ್ ಕೊಡುವವರಿಗೆ ಹೇಳಿ. ಯಾರಾದರೂ ಕೆಲಸ ಬಿಟ್ಟ ದಿನವೇ ಅವರ ಆ್ಯಪಿನ ಲಾಗಿನ್ ತೆಗೆಯಿರಿ, ಅವರ ಎಕ್ಸ್‌ಟೆನ್ಷನ್ ನಂಬರನ್ನು ಮುಂದಿನವರಿಗೆ ಕೊಡಿ.

ಕೊನೆಯದಾಗಿ ತುರ್ತು ಕರೆ. 2013ರಲ್ಲಿ ಅಮೆರಿಕದ ಟೆಕ್ಸಾಸ್‌ನ ಒಂದು ಹೋಟೆಲ್ ಕೋಣೆಯಲ್ಲಿ ಒಬ್ಬ ತಾಯಿಯ ಮೇಲೆ ಹಲ್ಲೆ ನಡೆಯಿತು. ಒಂಬತ್ತು ವರ್ಷದ ಮಗಳು ತನಗೆ ಕಲಿಸಿದ ಹಾಗೆ ಕೋಣೆಯ ಫೋನಿನಿಂದ ಅಲ್ಲಿನ ತುರ್ತು ನಂಬರ್ 911 ಒತ್ತಿದಳು. ಮತ್ತೆ ಮತ್ತೆ ಒತ್ತಿದಳು. ಕರೆ ಹೋಗಲಿಲ್ಲ. ಹೊರಗಿನ ಲೈನಿಗೆ ಮೊದಲು 9 ಒತ್ತಬೇಕಿತ್ತು, ಆ ಮಗುವಿಗೆ ಅದು ಗೊತ್ತಿರಲಿಲ್ಲ. ತಾಯಿ ಉಳಿಯಲಿಲ್ಲ. ಆಕೆಯ ಹೆಸರಿನಲ್ಲೇ ಬಂದ ಕ್ಯಾರಿ ಕಾಯ್ದೆ 2020ರ ಫೆಬ್ರವರಿಯಿಂದ ಜಾರಿಗೆ ಬಂತು. ಹೊಸದಾಗಿ ಹಾಕುವ ಕಚೇರಿ, ಹೋಟೆಲ್ ಫೋನುಗಳಲ್ಲಿ ಮುಂದೆ ಏನೂ ಸೇರಿಸದೆ ತುರ್ತು ನಂಬರ್ ಹೋಗಲೇಬೇಕು ಅಂತ ಅದು ಹೇಳುತ್ತದೆ.

ನಾವು ಫೋನನ್ನು ಮೊಬೈಲಿಗೂ ಲ್ಯಾಪ್‌ಟಾಪಿಗೂ ಹರಡಿದಾಗ ಈ ಸಮಸ್ಯೆ ಇನ್ನಷ್ಟು ಜಟಿಲವಾಗುತ್ತದೆ. ಆ್ಯಪಿನಿಂದ ತುರ್ತು ನಂಬರ್ ಒತ್ತಿದರೆ ಕರೆ ಕಚೇರಿಯ ಟ್ರಂಕಿನಿಂದ ಹೋಗಿ, ಸಹಾಯ ಕಚೇರಿ ವಿಳಾಸಕ್ಕೆ ಬರಬಹುದು. ಮಾತಾಡುತ್ತಿರುವವರು ಇನ್ನೆಲ್ಲೋ ಇರುತ್ತಾರೆ. ಆದ್ದರಿಂದ ಮೊಬೈಲ್ ಆ್ಯಪಿನಲ್ಲಿ ತುರ್ತು ನಂಬರ್ ಒತ್ತಿದರೆ ಅದು ಫೋನಿನ ಸಾದಾ ಡಯಲರಿಗೆ, ಸಿಮ್‌ ಕಡೆಗೆ ದಾಟಬೇಕು. ಈ ವ್ಯವಸ್ಥೆ ಇದೆಯಾ ಅಂತ ಮಾರುವವರನ್ನು ಕೇಳಿ, ಲಿಖಿತವಾಗಿ ಉತ್ತರ ಪಡೆಯಿರಿ. ಪರೀಕ್ಷೆ ಮಾಡುವ ಮೊದಲು ತುರ್ತು ಸೇವೆಯವರಿಗೋ ಲೈನ್ ಕೊಟ್ಟವರಿಗೋ ತಿಳಿಸಿ, ಅವರು ಒಪ್ಪಿದ ಹೊತ್ತಿನಲ್ಲೇ ಮಾಡಿ. ಮೇಜಿನ ಫೋನು, ಆ್ಯಪು, ಬ್ರೌಸರು, ಮೂರರಿಂದಲೂ ಬೇರೆ ಬೇರೆಯಾಗಿ ಮಾಡಿ ನೋಡಿ. ಎಕ್ಸ್‌ಚೇಂಜಿನ ಸೆಟ್ಟಿಂಗ್ ಬದಲಿಸಿದಾಗಲೆಲ್ಲ ಇದನ್ನು ಮತ್ತೆ ಮಾಡಬೇಕು.